ಸಿಗ್ನಲ್ ಕಿತ್ತು ಹೃದಯ ಕಾಪಾಡಿದವರಿಗೆ

ನಗರದ ಸದ್ದು ಅಂದಾಜು ಶಾಖೆಯ ಮುಖ್ಯಾಧಿಕಾರಿಗಳ ಸನ್ನಿಧಾನಕ್ಕೆ, ನಾಲ್ಕು ರಸ್ತೆ ಕೂಡುವಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ದರ್ಜಿಯೊಬ್ಬ ಗಂಟಲು ಹರಿಯುವಂತೆ ಕೂಗಿ ಹೇಳುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ಕಚೇರಿಯ ಕಿಟಕಿಗಳಿಗೆ ಎರಡು ಪದರದ ಗಾಜಿದೆಯೆಂದು ತಿಳಿದ ಮೇಲೆ ಆ ನಂಬಿಕೆ ಇನ್ನೂ ಗಟ್ಟಿಯಾಗಿದೆ. ವಾಹನಗಳ ಸದ್ದಿನಿಂದ ಯಾವ ರಸ್ತೆಯಲ್ಲಿ ಎಷ್ಟು ಜನರಿಗೆ ಹೃದ್ರೋಗ ಬರುತ್ತದೆಂದು ಕುರ್ಚಿ ಬಿಟ್ಟೇಳದೆ ಹೇಳಿಬಿಡುವ ತಮ್ಮ ವಿದ್ಯೆಗೆ ತಲೆಬಾಗುತ್ತೇನೆ. ರಸ್ತೆಯ ಅಗಲ, ಗೋಡೆಯ ಎತ್ತರ, ವಾಹನಗಳ ಸಂಖ್ಯೆ ಇಷ್ಟನ್ನು ಕಂಪ್ಯೂಟರಿನ ಬಾಯಿಗೆ ಹಾಕಿದರೆ ಅದು "ಸಾವಿರಕ್ಕೆ ಇಬ್ಬರು" ಎಂದು ಉಗುಳುತ್ತದಂತೆ. ಭಲೇ! ನಾವಾದರೋ ಒಂದು ಅಂಗಿಗೂ ಟೇಪು ಹಿಡಿದು ಮೈ ಹತ್ತಿರ ಹೋಗಬೇಕಾದ ದಡ್ಡರು.

ತಾಯಿ ಹೋದ ಮೇಲೆ ನನ್ನನ್ನು ಸಾಕಿದ ಅಕ್ಕನಿಗೆ ಎದೆಬಡಿತ ತಪ್ಪುತ್ತಿದೆ. ಅಂಗಡಿಯ ಪಕ್ಕದಲ್ಲೇ ಇರುವ ಡಾಕ್ಟರು ಸ್ಟೆತಸ್ಕೋಪನ್ನು ಅವಳ ಎದೆಗಿಟ್ಟು, ಲಾರಿಗಳ ಅಬ್ಬರದ ಹೊರತು ಬೇರೇನೂ ಕಿವಿಗೆ ಬೀಳದೆ, "ಸ್ವಲ್ಪ ತಡೀರಿ ಅಮ್ಮ, ಕೆಂಪು ಬೀಳ್ಲಿ" ಅನ್ನುತ್ತಿದ್ದರು. ಸಿಗ್ನಲ್ ಕೆಂಪಾಗಿ, ವಾಹನಗಳು ನಿಂತು, ಹಿಂದಿನವರು ಹಾರನ್ ಒತ್ತಲು ಶುರುಮಾಡುವುದರೊಳಗೆ ಅವಳ ಎದೆಯ ಮಾತು ಕೇಳಿಸಿಕೊಂಡು ಔಷಧಿ ಬರೆದುಕೊಡುತ್ತಿದ್ದರು. ಹೇಗೋ ಕಾಲ ತಳ್ಳುತ್ತಿದ್ದೆವು.

ದುರಾಸೆಗೆ ಬಿದ್ದ ನಾನು ಸದ್ದು ಕಡಿಮೆ ಮಾಡಿಸಿ ಎಂದು ತಮಗೆ ಅರ್ಜಿ ಹಾಕಿದೆ. ನಿಂತ ವಾಹನಗಳೇ ಹಾರನ್ ಹೊಡೆಯುವುದೆಂದೂ ನಿಲ್ಲಿಸದಿದ್ದರೆ ಹೊಡೆಯುವುದಿಲ್ಲವೆಂದೂ ಕಂಡುಹಿಡಿದ ತಾವು ಸಿಗ್ನಲ್ಲನ್ನೇ ಕೀಳಿಸಿದಿರಿ. ಈಗ ವಾಹನಗಳೂ ನಿಲ್ಲುವುದಿಲ್ಲ, ಸದ್ದೂ ನಿಲ್ಲುವುದಿಲ್ಲ. ಅಂದಾಜು ಮಾತ್ರ ಸಾವಿರಕ್ಕೆ ಇಬ್ಬರಿಂದ ಒಬ್ಬರಿಗೆ ಇಳಿದಿದೆಯೆಂದು ತಮ್ಮ ಉತ್ತರ ಬಂದಿದೆ. ಬಚಾವಾದ ಆ ಪುಣ್ಯಾತ್ಮ ಯಾರೆಂದು ವಿಳಾಸ ತಿಳಿಸಿದರೆ ಹೋಗಿ ಕೈಕುಲುಕಿ ಬರುತ್ತೇನೆ.

ಡಾಕ್ಟರು ಕೈಚೆಲ್ಲಿ, "ನಂಗೇನೂ ಕೇಳಿಸ್ತಿಲ್ಲ, ದೊಡ್ಡಾಸ್ಪತ್ರೆಗೆ ಕರ್ಕೊಂಡ್ ಹೋಗಿ" ಎಂದರು. ಅಲ್ಲಿಗೆ ಹೋಗುವ ಬಸ್ಸು ನಿಲ್ಲುವುದು ರಸ್ತೆಯ ಆಚೆ ಬದಿಯಲ್ಲಿ. ಈಚೆ ಬದಿಯಲ್ಲಿ ಬಾಡಿಗೆ ಗಾಡಿಯೂ ಈಗ ನಿಲ್ಲುವುದಿಲ್ಲ. ನಾಲ್ಕು ಹೆಜ್ಜೆಗೇ ಏದುಸಿರು ಬಿಡುವ ಅಕ್ಕ ಸಿಗ್ನಲ್ಲಿಲ್ಲದ ಈ ರಸ್ತೆಯನ್ನು ಹೇಗೆ ದಾಟಬೇಕೆಂದು ತಮ್ಮ ಕಂಪ್ಯೂಟರನ್ನು ದಯವಿಟ್ಟು ವಿಚಾರಿಸಿ.

ಇಲ್ಲವೇ ಅದನ್ನೇ ಕಳಿಸಿಕೊಡಿ. ಅಷ್ಟು ದೂರ ಕೂತು ನಮ್ಮ ರಸ್ತೆಯ ಸದ್ದು ಕೇಳಿಸಿಕೊಂಡ ಮಹಾನುಭಾವನಿಗೆ ಎದುರಿಗೇ ಕೂತವಳ ಎದೆಬಡಿತ ಕೇಳಿಸಿಕೊಳ್ಳುವುದು ಏನು ಮಹಾ! ಅದೂ ಆಗದಿದ್ದರೆ ತಾವೇ ಕೆಂಪಂಗಿ ತೊಟ್ಟು ರಸ್ತೆಯ ನಡುವೆ ನಿಲ್ಲುವ ಕೃಪೆ ಮಾಡಬೇಕು. ಅಂಗಿಯನ್ನು ನಾನೇ ಪುಕ್ಕಟೆ ಹೊಲಿದುಕೊಡುತ್ತೇನೆ, ಅಳತೆ ತಮ್ಮಂತೆಯೇ ಅಂದಾಜಿನ ಮೇಲೆ.

ಅರ್ಧ ಕಿವಿ ಇನ್ನೂ ಉಳಿದಿರುವ,
ತಮ್ಮ ವಿಶ್ವಾಸಿ,
ನಾಲ್ಕು ರಸ್ತೆಯ ದರ್ಜಿ

ಮರೆತಿದ್ದ ಮಾತು: ತಮ್ಮ ಉತ್ತರವನ್ನು ಅಕ್ಕನಿಗೆ ಓದಿ ಹೇಳಿದೆ. ಗದ್ದಲದಲ್ಲಿ ಕೇಳಿಸದೆ ಮತ್ತೊಮ್ಮೆ ಓದಿಸಿಕೊಂಡಳು. ಆಮೇಲೆ ಎದೆಯ ಮೇಲೆ ಕೈಯಿಟ್ಟುಕೊಂಡು, "ಸಾವಿರಕ್ಕೆ ಒಬ್ರು ಅಂದಿದ್ದು ಸರಿಯಾಗೇ ಇದೆ ಬಿಡೋ, ನಾನಿದೀನಲ್ಲ" ಎಂದಳು. ತಮ್ಮ ಲೆಕ್ಕ ತಪ್ಪಬಾರದೆಂದು ಇಷ್ಟು ಕಾಳಜಿ ಮಾಡುವವಳು ಈ ಊರಲ್ಲಿ ಇನ್ನೊಬ್ಬಳಿಲ್ಲ. ಅದಕ್ಕಾದರೂ ಅವಳನ್ನು ಉಳಿಸಿಕೊಳ್ಳಿ.