ಭಾವನ ಒಂದೇ ಕಟಿಂಗು

ಭಾವನ ಕತ್ತರಿಗೆ ಬರುತ್ತಿದ್ದದ್ದು ಒಂದೇ ಕಟಿಂಗು. ಎಡಕ್ಕೆ ಬೈತಲೆ, ಕಿವಿಯ ಮೇಲೆ ಸಣ್ಣಗೆ, ಮೂಗಿನ ಕೆಳಗೆ ತುಂಬು ಮೀಸೆ. ಅಳತೆ ಬೇಕಾದಾಗ ಅವನು ಕನ್ನಡಿಯಲ್ಲಿ ತನ್ನ ಮುಖವನ್ನೇ ನೋಡಿಕೊಳ್ಳುತ್ತಿದ್ದ. ಪರದೇಶಕ್ಕೆ ಬಂದು ಇನ್ನೂ ಸೂಟ್‌ಕೇಸು ಪೂರ್ತಿ ಬಿಚ್ಚಿರದ ಹೆಂಡತಿಯ ತಮ್ಮನನ್ನು ಬೇಕರಿಗೆ ಕೆಲಸ ಕೇಳಲು ಕಳಿಸುವ ಮುಂಚೆ ತನ್ನ ಕ್ಷೌರದಂಗಡಿಯ ಕುರ್ಚಿಯಲ್ಲಿ ಪ್ರೀತಿಯಿಂದ ಕೂರಿಸಿದ. ಅಕ್ಕನೂ ಸುಮ್ಮನಿರಲಿಲ್ಲ. ಗಂಡನ ಕಂದು ಕೋಟು ತೊಡಿಸಿ, ಓದಿದವನ ಹಾಗೆ ಕಾಣಲಿ ಎಂದು ಅವನ ಹಳೆಯ ಕನ್ನಡಕವನ್ನೂ ಏರಿಸಿದಳು. ಮನೆಯಲ್ಲಿ ಎಲ್ಲರೂ ತಮ್ಮನನ್ನು ಹೊಸಬ ಎಂದೇ ಕರೆಯುತ್ತಿದ್ದರು.

ಬೇಕರಿ ಯಜಮಾನನಿಗೆ ಹೊಸಬ ಹಿಡಿಸಿದ. ಆದರೆ ಸರ್ಕಾರ ಕೊಡುವ ಕೆಲಸದ ನಂಬರಿಲ್ಲದೆ ಯಾರನ್ನೂ ಒಳಗೆ ಬಿಡುವಂತಿರಲಿಲ್ಲ. ನಾಳೆ ಅಂಗಡಿ ಮುಚ್ಚುವುದರೊಳಗೆ ನಂಬರು ತಂದರೆ ಕೆಲಸ ನಿನ್ನದು, ಇಲ್ಲದಿದ್ದರೆ ಸಿಕ್ಕವರನ್ನು ಹಾಕಿಕೊಳ್ಳುತ್ತೇನೆ ಎಂದುಬಿಟ್ಟ. ಅಕ್ಕನ ಮನೆಯ ಸೋಫಾದ ಮೇಲೆ ಕಾಲು ಮಡಚಿ ಮಲಗಿ ಸಾಕಾಗಿದ್ದ ಹೊಸಬನಿಗೆ ಆ ಕೆಲಸ ಬೇಕೇ ಬೇಕಾಗಿತ್ತು.

ಮಾರನೆಯ ದಿನ ನಂಬರು ಕೊಡುವ ಕಚೇರಿಯ ಬಾಗಿಲು ತೆಗೆಯುವ ಮೊದಲೇ ಹಾಜರಾದ. ಭಾವನ ಕನ್ನಡಕದಲ್ಲಿ ಲೋಕವೆಲ್ಲ ನೀರಿನಡಿ ಇದ್ದ ಹಾಗೆ ಕಾಣುತ್ತಿತ್ತು. ಮೂಲೆಯಲ್ಲಿ ಕೋಟು ನೇತುಹಾಕುವ ಕಂಬಕ್ಕೆ ಬಗ್ಗಿ ನಮಸ್ಕರಿಸಿದ. ಅದು ಉತ್ತರ ಕೊಡದಿದ್ದಾಗ ದೊಡ್ಡ ಅಧಿಕಾರಿಯೇ ಇರಬೇಕೆಂದು ಇನ್ನಷ್ಟು ಬಗ್ಗಿದ.

ಸರದಿ ಬಂತು. ಕಿಟಕಿಯ ಹಿಂದಿನ ಗುಮಾಸ್ತೆ ಅವನ ಮುಖ ನೋಡಿದಳು, ಕಂಪ್ಯೂಟರ್ ನೋಡಿದಳು, ಮತ್ತೆ ಮುಖ ನೋಡಿದಳು.

"ನಿಮಗೆ ಆಗಲೇ ನಂಬರ್ ಕೊಟ್ಟಾಗಿದೆಯಲ್ಲ," ಎಂದಳು.

ಕಂಪ್ಯೂಟರನ್ನು ಅವನತ್ತ ತಿರುಗಿಸಿದಳು. ಅದೇ ವಿಳಾಸ, ಅದೇ ಕೋಟು, ಅದೇ ಮೀಸೆ. ಫೋಟೋದಲ್ಲಿ ಭಾವ ಹಲ್ಲುಕಿರಿಯುತ್ತಿದ್ದ. ಅದು ನಾನಲ್ಲ, ನನ್ನ ಭಾವ ಎಂದು ಹೊಸಬ ಗೋಗರೆದ. ಹೆಸರೇ ಬೇರೆ ಎಂದು ತೋರಿಸಿದ. ಹೆಸರು ಬೇರೆ ಬರೆಯುವುದು ಏನು ಕಷ್ಟ ಎಂದಳು ಅವಳು. ಪಾಸ್‌ಪೋರ್ಟಿನ ಫೋಟೋದಲ್ಲಿದ್ದ, ಮೀಸೆಯೇ ಮೂಡದ ಹುಡುಗ ಯಾವ ಸಹಾಯಕ್ಕೂ ಬರಲಿಲ್ಲ. ಹೊಸಬ ಕನ್ನಡಕ ತೆಗೆದ, ಕೋಟು ಬಿಚ್ಚಿದ. ಮೀಸೆ ಬಿಚ್ಚಲು ಬರುವಂತಿರಲಿಲ್ಲ. ಹಿಂದೆ ನಿಂತಿದ್ದ ಹೆಂಗಸೊಬ್ಬಳು ಯಾರೂ ಕೇಳದಿದ್ದರೂ ಬಗ್ಗಿ ನೋಡಿ, ಸಂಶಯವೇ ಬೇಡ, ಇಬ್ಬರೂ ಒಬ್ಬರೇ ಎಂದು ತೀರ್ಪು ಕೊಟ್ಟಳು.

ಅವನ ಕಣ್ಣಲ್ಲಿ ನೀರು ಕಂಡು ಗುಮಾಸ್ತೆಯ ಮನಸ್ಸು ಕರಗಿತು. "ನೀವು ಅವರಲ್ಲ ಅಂತ ನಿಮ್ಮ ಮುಖಾನೇ ಹೇಳ್ಬೇಕು. ಮಧ್ಯಾಹ್ನ ಬನ್ನಿ, ನೋಡೋಣ."

ಹೊಸಬ ಓಡಿದ್ದು ನೇರ ಭಾವನ ಅಂಗಡಿಗೆ.

"ಎಲ್ಲಾ ಬೋಳಿಸಿಬಿಡಿ ಭಾವ."

ಭಾವನಿಗೆ ಸಂಕಟವಾಯಿತು. ತನ್ನ ಕೈಯಾರೆ ಮಾಡಿದ್ದನ್ನು ತನ್ನ ಕೈಯಾರೆ ಹಾಳುಮಾಡಲು ಯಾರಿಗೆ ತಾನೇ ಮನಸ್ಸು ಬರುತ್ತದೆ? ತಲೆ ಹೋಯಿತು, ಮೀಸೆ ಹೋಯಿತು. ದುಃಖದಲ್ಲಿ ಕತ್ತಿ ಜಾರಿ ಒಂದು ಹುಬ್ಬೂ ಹೋಯಿತು. ಸಮವಾಗಿರಲಿ ಎಂದು ಇನ್ನೊಂದನ್ನೂ ತೆಗೆದ. ಊಟದ ಡಬ್ಬಿ ಹಿಡಿದು ಬಂದ ಅಕ್ಕ, "ಎಷ್ಟೊತ್ತಾಗುತ್ತೆ ಸರ್ ನಿಮ್ದು?" ಎಂದು ತಮ್ಮನನ್ನೇ ಕೇಳಿದಳು. ಹೊಸಬನಿಗೆ ಆನಂದವಾಯಿತು. ಕೋಟು, ಕನ್ನಡಕ ಅಲ್ಲೇ ಬಿಟ್ಟು, ತಡವಾದರೂ ಬಂದೇ ಬರುತ್ತೇನೆಂದು ಬೇಕರಿ ಯಜಮಾನನಿಗೆ ಒಂದು ಮಾತು ಹೇಳಿಬರಲು ಭಾವನನ್ನು ಬೇಡಿಕೊಂಡು ಮತ್ತೆ ಕಚೇರಿಗೆ ಹಾರಿದ.

ಈ ಸಲ ಎಲ್ಲ ಸಲೀಸು. ಫೋಟೋ ತೆಗೆದು ಕಾರ್ಡು ಕೈಗಿಟ್ಟ ಗುಮಾಸ್ತೆ, "ಇನ್ಮುಂದೆ ಯಾವಾಗ್ಲೂ ಈ ಫೋಟೋದ ಹಾಗೇ ಇರಿ. ಮತ್ತೆ ಗೊಂದಲ ಬೇಡ," ಎಂದಳು. ಆ ಹೊತ್ತಿನಲ್ಲಿ ತಲೆಕೆಳಗಾಗಿ ನಡೆಯಿರಿ ಎಂದಿದ್ದರೂ ಅವನು ಒಪ್ಪುತ್ತಿದ್ದ.

ಏದುಸಿರು ಬಿಡುತ್ತ ಬೇಕರಿ ಮುಟ್ಟಿದಾಗ ಬಾಗಿಲು ಇನ್ನೂ ತೆರೆದಿತ್ತು. ಕಾರ್ಡು ಚಾಚಿ, ನಿನ್ನೆ ಬಂದವನು ನಾನೇ ಎಂದ. ಯಜಮಾನ ಆ ಬೋಳುತಲೆಯನ್ನು ಮೇಲಿಂದ ಕೆಳಗೆ ನೋಡಿ ನಕ್ಕುಬಿಟ್ಟ. ನಿನ್ನೆಯವನು ಮಧ್ಯಾಹ್ನವೇ ಬಂದ, ನಂಬರೂ ಕೊಟ್ಟ, ಹಿಟ್ಟು ನಾದುವುದರಲ್ಲಿ ಅಂಥ ಕೈಯನ್ನು ನಾನು ಕಂಡೇ ಇಲ್ಲ ಎಂದು ಒಳಗೆ ತೋರಿಸಿದ.

ಒಳಗೆ ಏಪ್ರನ್ ಕಟ್ಟಿಕೊಂಡ ಭಾವ, ಗಿರಾಕಿಯ ತಲೆಗೆ ಮಾಲೀಶು ಮಾಡುವ ಹಾಗೆ ಹಿಟ್ಟನ್ನು ತಟ್ಟಿ ತಿಕ್ಕುತ್ತಿದ್ದ. ಮೀಸೆಯೆಲ್ಲ ಬೆಳ್ಳಗಾಗಿತ್ತು. ಹೊಸಬನನ್ನು ಕಂಡು ಹತ್ತಿರ ಬಂದು ಪಿಸುಗುಟ್ಟಿದ.

"ನೀನು ಬರ್ತೀಯ ಅಂತ ಹೇಳೋಕೇ ಬಂದೆ ಕಣೋ. ಬಾಯಿ ತೆಗೆಯೋ ಮೊದ್ಲೇ ನಂಬರ್ ಎಲ್ಲಿ ಅಂದ. ನನ್ನ ಹತ್ರ ಇತ್ತಲ್ಲ, ಹೇಳ್ದೆ. ಏಪ್ರನ್ ಕಟ್ಟೇಬಿಟ್ಟ. ನಿಜ ಹೇಳ್ಲಾ? ಈ ಹಿಟ್ಟು ತಲೆ ಅಲ್ಲಾಡಿಸಲ್ಲ, ಹರಟೆ ಹೊಡೆಯಲ್ಲ. ಭಾಳ ಹಿತವಾಗಿದೆ."

ಹೊಸಬ ಕೈಯಲ್ಲಿದ್ದ ಕಾರ್ಡನ್ನು ಭಾವನ ಮುಖದ ಮುಂದೆ ಹಿಡಿದ.

"ಬೇಜಾರ್ ಮಾಡ್ಕೋಬೇಡ," ಎಂದ ಭಾವ. "ನನ್ನ ಕುರ್ಚಿ ಖಾಲಿ ಆಯ್ತಲ್ಲ, ನಾಳೆಯಿಂದ ಅಂಗಡಿ ನೀನೇ ನೋಡ್ಕೋ. ಕಲಿಯೋಕೆ ಇರೋದೇ ಒಂದು ಕಟಿಂಗು."

ಹೊಸಬ ಕಾರ್ಡು ನೋಡಿದ. ಹುಬ್ಬಿಲ್ಲದ ಬೋಳುತಲೆಯೊಂದು ಅವನನ್ನೇ ನೋಡುತ್ತಿತ್ತು. ಇನ್ನು ಬದುಕಿಡೀ ಇದೇ ತಲೆ ಎಂದುಕೊಂಡಾಗ ಅವನಿಗೂ ನಗು ತಡೆಯಲಾಗಲಿಲ್ಲ.

"ಆಗ್ಲಿ ಭಾವ. ಆದ್ರೆ ಈ ತಲೆ ನೋಡಿದ್ಮೇಲೆ, ನನ್ನ ಕೈಗೆ ತಮ್ಮ ತಲೆ ಯಾರು ಕೊಡ್ತಾರೆ?"