ಗಣಿತಕ್ಕೆ ಗಣ ಬಂದ ವರ್ಷ

ಪಾಠ ಮಾಡುವುದನ್ನು ಕಲಿಯಲು ಹೊರಟವನು ದಿನಕ್ಕೊಮ್ಮೆಯಾದರೂ ನಗೆಪಾಟಲಾಗುತ್ತಾನೆ. ನಾನು ಬಿ.ಎಸ್ಸಿ. ಮುಗಿಸಿ ಬಿ.ಎಡ್. ಸೇರಿದ್ದು ಎಪ್ಪತ್ತರ ದಶಕದಲ್ಲಿ. ಹೈಸ್ಕೂಲಿನ ಗಣಿತಕ್ಕೆ ಆಗಷ್ಟೇ 'ಗಣ' ಎಂಬ ಹೊಸ ಪಾಠ ಬಂದಿತ್ತು. ಒಂದಷ್ಟು ವಸ್ತುಗಳನ್ನು ಒಟ್ಟಾಗಿ ನೋಡಿದರೆ ಅದು ಗಣ; ಒಳಗೆ ಏನೂ ಇಲ್ಲದಿದ್ದರೆ ಶೂನ್ಯ ಗಣ. ಇದನ್ನು ನಾವು ಊರೂರಿನ ಶಾಲೆಗಳಲ್ಲಿ ಅಭ್ಯಾಸ ಪಾಠವಾಗಿ ಮಾಡಬೇಕಿತ್ತು. ಕೊನೆಯ ಪಾಠಕ್ಕೆ ಹೊರಗಿನ ಪರೀಕ್ಷಕರು. ಅದರಲ್ಲಿ ಫೇಲಾದರೆ ಇಡೀ ವರ್ಷ ಹೋದಂತೆ.

ಸಾಗರ

ಮೊದಲ ಪಾಠದ ಹಿಂದಿನ ಸಂಜೆ, ಬಾಡಿಗೆ ಕೋಣೆಯ ಗೋಡೆಯನ್ನೇ ತರಗತಿ ಎಂದುಕೊಂಡು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಇದು ಗಣ, ಇದು ಉಪಗಣ, ಇದರೊಳಗೆ ಯಾರೂ ಇಲ್ಲ. ಮನೆಯೊಡತಿ ಬಾಗಿಲು ತೆರೆದು ಇಣುಕಿದರು.

"ಎಂತ ಆತು ಮಾಣಿ? ಗಣ ಬಂತಾ?"

"ಇನ್ನೂ ಸರಿಯಾಗಿ ಬಂದಿಲ್ಲ ಅಮ್ಮ. ಬೆಳಿಗ್ಗೆಯೊಳಗೆ ಬರಬೇಕು" ಎಂದೆ.

ದೇವರೋ ದೆವ್ವವೋ ಮೈಮೇಲೆ ಬರುವುದಕ್ಕೂ 'ಗಣ ಬರುವುದು' ಎನ್ನುತ್ತಾರೆಂದು ನನಗೆ ಹೊಳೆಯುವಷ್ಟರಲ್ಲಿ ಅವರು ಹೊರಗಿನಿಂದ ಚಿಲಕ ಹಾಕಿಯಾಗಿತ್ತು.

ಹೊಸನಗರ

ಅಲ್ಲಿಯ ಮಕ್ಕಳು ನಮ್ಮಂಥವರನ್ನು ಬಹಳ ನೋಡಿದ್ದರು. ಸರಿಯುತ್ತರ ಬಂದ ಕೂಡಲೇ ಶಹಬ್ಬಾಸ್ ಅನ್ನಬೇಕು, ಇಲ್ಲದಿದ್ದರೆ ಅಂಕ ಕಡಿತ ಎಂದು ನಮ್ಮ ಲೆಕ್ಚರರ ಕಟ್ಟಪ್ಪಣೆ. ಅವರು ಹಿಂದಿನ ಬೆಂಚಿನಲ್ಲಿ ಕೂತದ್ದು ಕಂಡು ನನಗೆ ಅದೇ ಮರೆತುಹೋಯಿತು. ಉತ್ತರ ಹೇಳಿದ ಹುಡುಗ ಕೂರಲೊಲ್ಲ. ಯಾಕಪ್ಪಾ ಎಂದು ಕೇಳಿದೆ.

"ಶಹಬ್ಬಾಸ್ ಅನ್ಲಿಲ್ಲ ಸಾರ್. ಆಮೇಲೆ ನಿಮ್ಗೇ ಮಾರ್ಕ್ಸ್ ಕಟ್ ಮಾಡ್ತಾರೆ."

ಹಿಂದಿನ ಬೆಂಚಿನಿಂದ ಲೆಕ್ಚರರೇ ಅವನಿಗೆ ಶಹಬ್ಬಾಸ್ ಅಂದರು.

ತೀರ್ಥಹಳ್ಳಿ

ಕೊನೆಯ ಪಾಠ. ಪರೀಕ್ಷಕರು ಮುಖ ಗಂಟಿಕ್ಕಿಕೊಂಡೇ ಎಲ್ಲ ಕೇಳಿದರು. ಆಮೇಲೆ ಎದ್ದು, ಶೂನ್ಯ ಗಣಕ್ಕೆ ಒಂದು ಉದಾಹರಣೆ ಕೊಡಿ ಎಂದು ಮಕ್ಕಳನ್ನೇ ಕೇಳಿದರು. ಎಲ್ಲರೂ ತಲೆ ತಗ್ಗಿಸಿ ನೋಟ್‌ಬುಕ್ ತಿರುವತೊಡಗಿದರು. ನನ್ನ ವರ್ಷ ಕಣ್ಣೆದುರೇ ಹೋಗುತ್ತಿತ್ತು. ಅಷ್ಟರಲ್ಲಿ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದಳು.

"ಇವತ್ತಿನ ಪಾಠ ಅರ್ಥ ಆದವರ ಗಣ, ಸಾರ್."

ನಾನು ಡಸ್ಟರ್ ಹುಡುಕುವವನಂತೆ ಬೋರ್ಡಿನ ಕಡೆ ತಿರುಗಿಕೊಂಡೆ. ಪರೀಕ್ಷಕರು ಮಾತ್ರ ಸ್ವಲ್ಪ ಯೋಚಿಸಿದರು. ಇಂಥ ಉದಾಹರಣೆ ಕೊಡಬೇಕಾದರೆ ನಿನಗೆ ಪಾಠ ಅರ್ಥವಾಗಿರಲೇಬೇಕು, ಅಂದಮೇಲೆ ಆ ಗಣದಲ್ಲಿ ನೀನಿದ್ದೀಯ, ಅದು ಶೂನ್ಯ ಹೇಗಾಯಿತು ಎಂದರು. ಹುಡುಗಿ ಪಕ್ಕದವಳ ಮುಖ ನೋಡಿದಳು.

"ಹಾಗಾದ್ರೆ ನಂಗೂ ಅರ್ಥ ಆಗ್ಲಿಲ್ಲ ಸಾರ್."

ಪರೀಕ್ಷಕರು ಕರ್ಚೀಫಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ನಡೆದರು. ನಾನೂ ಹಿಂದೆಯೇ ಹೋದೆ. ಅವರು ನನ್ನ ಭುಜ ತಟ್ಟಿದರು.

"ಪಾಸು ಮಾಡಿದೀನಿ ಕಣ್ರಿ. ಯಾಕೆ ಅಂತ ಮಾತ್ರ ಕೇಳ್ಬೇಡಿ, ನಂಗೂ ಅರ್ಥ ಆಗಿಲ್ಲ."