ಡಬ್ಬಿ ಬದಲಾಯಿಸಿದ ಏಕಾಂತಯ್ಯ

ಏಕಾಂತಯ್ಯನ ಪಿಕಪ್ ಗಾಡಿಯಲ್ಲಿ ರೇಡಿಯೇಟರಿನ ಪಕ್ಕಕ್ಕಿರುವ ಪ್ಲಾಸ್ಟಿಕ್ಕಿನ ಕೂಲೆಂಟ್ ಡಬ್ಬಿ ತಳದಲ್ಲಿ ಕೂದಲೆಳೆಯಷ್ಟು ಸೀಳಿತ್ತು. ಇಂಜಿನ್ನನ್ನು ತಣ್ಣಗಿಡಬೇಕಾದ ಹಸಿರು ನೀರು ಮನೆಯೊಳಗಿನ ಗುಟ್ಟಿನಂತೆ ತೊಟ್ಟುತೊಟ್ಟಾಗಿ ಬೀದಿಗೆ ಸೇರುತ್ತಿತ್ತು. ಅದು ಗೊತ್ತಾಗುವ ಹೊತ್ತಿಗೆ ಅವನ ಮಾನವೂ ಹೆಚ್ಚುಕಡಿಮೆ ಅದೇ ದಾರಿ ಹಿಡಿದಿತ್ತು.

ಏಕಾಂತಯ್ಯ ಚಾಮುಂಡಿ ಬೆಟ್ಟದ ಕೆಳಗಿನ ವಿದ್ಯಾರಣ್ಯಪುರದಲ್ಲಿ ಮದುವೆ ಮನೆಗಳಿಗೆ ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುವವನು. ಹಿಂದಿನ ವಾರ ಮಂಡಕಳ್ಳಿಯ ಮದುವೆಗೆ ಪಾತ್ರೆ ತುಂಬಿಕೊಂಡು ಹೋಗುವಾಗ ಗಾಡಿ ನಡುದಾರಿಯಲ್ಲಿ ಬುಸ್ಸೆಂದು ಆವಿ ಬಿಟ್ಟು ನಿಂತುಬಿಟ್ಟಿತು. ಸುತ್ತ ಎಲ್ಲೂ ನೀರಿಲ್ಲ. ಇಂಜಿನ್ ಆರುವವರೆಗೆ ಕಾದು, ಕೊನೆಗೆ ಬೀಗರಿಗೆಂದು ಒಯ್ಯುತ್ತಿದ್ದ ಕ್ಯಾನಿನಿಂದ ನೀರುಮಜ್ಜಿಗೆಯನ್ನೇ ರೇಡಿಯೇಟರಿಗೆ ಸುರಿದ. ಗಾಡಿ ಹೊರಟಿತು. ಮದುವೆ ಮನೆ ಮುಟ್ಟುವಾಗ ಬಾನೆಟ್ಟಿನೊಳಗಿಂದ ಇಂಗಿನ ಒಗ್ಗರಣೆಯ ಘಮಲು ಬರುತ್ತಿತ್ತು. ಪಾತ್ರೆ ತಡವಾದ್ದರಿಂದ ಬೆಳಗಿನ ಉಪ್ಪಿಟ್ಟನ್ನು ಬೀಗರು ಮಧ್ಯಾಹ್ನದ ಬಿಸಿಲಿನಲ್ಲಿ ತಿಂದರು.

ರೇಡಿಯೇಟರ್ ತೊಳೆದುಕೊಟ್ಟವನು ಹೆಬ್ಬಾಳದಲ್ಲಿ ಗ್ಯಾರೇಜ್ ಇಟ್ಟಿದ್ದ ಹೆಂಡತಿಯ ತಮ್ಮ ವಿಶ್ವನಾಥ್. ಒಳಗಿಂದ ತೆಗೆದ ಕರಿಬೇವಿನ ಎಲೆಗಳನ್ನು ಅವನು ಗ್ಯಾರೇಜಿಗೆ ಬಂದುಹೋದವರಿಗೆಲ್ಲ ತೋರಿಸಿ ನಕ್ಕಿದ್ದ. ಡಬ್ಬಿ ಸೀಳಿದ್ದನ್ನು ಕಂಡುಹಿಡಿದವನೂ ಅವನೇ. ಆದರೆ ಡಬ್ಬಿಯೊಂದನ್ನು ಬದಲಾಯಿಸಿ ಏನು ಪ್ರಯೋಜನ, ಗಾಡಿಯನ್ನೇ ಮಾರಿಬಿಡಿ ಎಂಬುದು ಅವನ ಸಲಹೆ. "ಬಾವ, ಇದು ಗಾಡಿಯಲ್ಲ, ಬಚ್ಚಲುಮನೆ ಒಲೆ" ಎಂದಿದ್ದ.

ಹೆಂಡತಿ ಪ್ರೇಮಲೀಲಾಳದೂ ಅದೇ ರಾಗ. ಭಾನುವಾರ ಬೆಳಿಗ್ಗೆ ತಿಂಡಿಯ ತಟ್ಟೆ ಮುಂದಿಟ್ಟುಕೊಂಡು ಅವಳು ಮತ್ತೆ ಮಾರುವ ಮಾತು ಎತ್ತಿದಾಗ ಏಕಾಂತಯ್ಯ ಇಡ್ಲಿ ಬಿಟ್ಟು ಎದ್ದು ನಿಂತ.

"ಒಡೆದಿರೋದು ಡಬ್ಬಿ, ಗಾಡಿಯಲ್ಲ. ಡಬ್ಬೀನ ನಾನೇ ನನ್ನ ಕೈಯಾರೆ ಬದಲಾಯಿಸ್ತೀನಿ. ಇವತ್ತೇ ಚಾಮುಂಡಿ ಬೆಟ್ಟದ ಮೇಲಕ್ಕೆ ಹತ್ತಿಸ್ತೀನಿ. ದಾರೀಲಿ ಒಂದೇ ಒಂದು ಸಲ ಆವಿ ಎದ್ರೆ, ಯಾರಿಗೆ ಬೇಕಾದ್ರೂ ಮಾರ್ಕೋ."

"ಏಳದೇ ಇದ್ರೆ?"

"ಗಾಡಿ ಮನೇಲೇ ಇರುತ್ತೆ. ಇನ್ನೊಂದ್ಸಲ ಮಾರೋ ಮಾತು ಈ ಮನೇಲಿ ಬರಕೂಡದು."

ಪ್ರೇಮಲೀಲಾ ಆಗಲಿ ಎಂದಳು. ಅಷ್ಟು ಬೇಗ ಒಪ್ಪಿಕೊಂಡದ್ದಕ್ಕೆ ಅವನಿಗೆ ಅನುಮಾನ ಬರಬೇಕಿತ್ತು. ಹೆಮ್ಮೆ ಬಂತು.

ಸೀದಾ ಇರ್ವಿನ್ ರಸ್ತೆಗೆ ಹೋಗಿ ಹೊಸ ಡಬ್ಬಿ ತಂದ. ಹಳೆಯದನ್ನು ಬಿಚ್ಚಿ ತಂದರೆ ಅಳತೆಗೆ ಒಳ್ಳೆಯದು ಎಂದು ಅಂಗಡಿಯವನು ಹೇಳಿದರೂ ಕೇಳಲಿಲ್ಲ. ಸ್ವಂತ ಗಾಡಿಯ ಡಬ್ಬಿ ಹೇಗಿದೆಯೆಂದು ತನಗೆ ಗೊತ್ತಿಲ್ಲವೇ ಎಂದು ಕೇಳಿದ. ಮನೆಯ ಮುಂದೆ ಬಾನೆಟ್ ಎತ್ತಿ ಹಿಡಿದು ನೋಡಿದರೆ ಪೈಪು ಸಿಕ್ಕಿಸುವ ಮೂತಿ ಹಳೆಯದಕ್ಕೆ ಎಡಕ್ಕೆ, ಹೊಸದಕ್ಕೆ ಬಲಕ್ಕೆ. ಎರಡೂ ಜಗಳವಾಡಿದ ಓರಗಿತ್ತಿಯರಂತೆ ಮುಖ ತಿರುಗಿಸಿಕೊಂಡಿದ್ದವು.

ಬಾನೆಟ್ ಎತ್ತಿದ್ದೇ ತಡ, ಪಕ್ಕದ ಮನೆಯ ಸದಾಶಿವಯ್ಯನವರು ಬಿಳಿ ಪಂಚೆ ಎತ್ತಿ ಹಿಡಿದು ಬಂದರು. ಅವರು ರೈಲ್ವೆ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಆದರೆ ದೇಶದ ಅರ್ಧ ಇಂಜಿನ್ನುಗಳನ್ನು ತಾವೇ ಜೋಡಿಸಿದವರಂತೆ ಮಾತಾಡುತ್ತಿದ್ದರು. ಪೈಪನ್ನೇ ಸುತ್ತಿ ಬಲಕ್ಕೆ ತಂದರಾಯಿತು ಎಂಬುದು ಅವರ ತೀರ್ಪು. ಎದುರುಮನೆಯ ಶಿವನಂಜಮ್ಮ ಜಗುಲಿಯ ಮೇಲೆ ಸಂಡಿಗೆ ಒಣಗಿಸುತ್ತಾ, ಸೀಳಿಗೆ ಮೇಣ ಮೆತ್ತಿ ಅರಿಶಿನದ ಬಟ್ಟೆ ಕಟ್ಟಿದರೆ ಸಾಕಲ್ಲವೇ ಎಂದರು. ತಮ್ಮ ಉಪ್ಪಿನಕಾಯಿ ಭರಣಿ ಹಾಗೆಯೇ ಇನ್ನೂ ನಿಂತಿದೆಯಂತೆ.

ಏಕಾಂತಯ್ಯ ಇಬ್ಬರ ಮಾತಿಗೂ ಸೊಪ್ಪು ಹಾಕಲಿಲ್ಲ. ಮೊದಲು ಹಳೆಯ ಡಬ್ಬಿ ಬಿಚ್ಚಿ, ಅದನ್ನೇ ಕೊಂಡೊಯ್ದು ಸರಿಯಾದದ್ದನ್ನು ತರುವುದೆಂದು ತೀರ್ಮಾನಿಸಿದ. ಪೈಪು ಹಿಡಿದಿದ್ದ ಸ್ಪ್ರಿಂಗ್ ಕ್ಲಿಪ್ಪನ್ನು ಇಕ್ಕಳದಲ್ಲಿ ಅಮುಕಿದ. ಅದು ಅಲುಗಲಿಲ್ಲ. ಹಲ್ಲು ಕಚ್ಚಿ ಇನ್ನಷ್ಟು ಅಮುಕಿದ. ಕ್ಲಿಪ್ಪು ಚಂಗನೆ ಹಾರಿ ರಸ್ತೆ ದಾಟಿ ಶಿವನಂಜಮ್ಮನ ಸಂಡಿಗೆಯ ನಡುವೆ ಬಿತ್ತು. ಪೈಪು ಕಳಚಿ, ಡಬ್ಬಿಯಲ್ಲಿ ಉಳಿದಿದ್ದ ಹಸಿರು ನೀರು ಬಗ್ಗಿ ನೋಡುತ್ತಿದ್ದ ಸದಾಶಿವಯ್ಯನವರ ಪಂಚೆಗೆ ಅಭಿಷೇಕವಾಯಿತು.

ಕ್ಲಿಪ್ಪು ಹುಡುಕಲು ಹೋದವನಿಂದ ಶಿವನಂಜಮ್ಮ ಜಗುಲಿಯ ಮೇಲಿದ್ದಷ್ಟೂ ಸಂಡಿಗೆಯನ್ನು ಒಂದೊಂದಾಗಿ ಎತ್ತಿಸಿ ಮತ್ತೆ ಹರಡಿಸಿದರು. ಸದಾಶಿವಯ್ಯನವರು ಪಂಚೆ ಬದಲಾಯಿಸಿಕೊಂಡು ಬಂದರು. ಈ ಸಲ ಮಾಸಿದ್ದನ್ನು ಉಟ್ಟಿದ್ದರು. ಮನೆಗೆ ಹೋಗಿ ಎಂದು ಹೇಳಿದರೂ ಇಬ್ಬರಿಗೂ ಕೇಳಿಸಲಿಲ್ಲ. ಬಾಗಿಲಲ್ಲಿ ನಿಂತಿದ್ದ ಪ್ರೇಮಲೀಲಾ ಮಾತ್ರ ಕೈ ಒರೆಸಿಕೊಳ್ಳಲು ಒಂದು ಹಳೆಯ ಬಟ್ಟೆ ತಂದುಕೊಟ್ಟಳು. ಅದೇ ಅವನಿಗೆ ಹೆಚ್ಚು ಚುಚ್ಚಿತು.

ಎರಡನೆಯ ಸಲ ಇರ್ವಿನ್ ರಸ್ತೆಗೆ ಹೋಗಿ ಬಂದ. ಅಂಗಡಿಯವನು ನಗಲಿಲ್ಲ, ಬಾಯಿ ಬಿಗಿಹಿಡಿದಿದ್ದ. ಈ ಡಬ್ಬಿ ಸರಿಯಾಗಿ ಕೂತಿತು. ಬೋಲ್ಟು ಬಿಗಿದ, ಪೈಪು ಸಿಕ್ಕಿಸಿದ, ಕ್ಲಿಪ್ಪು ಹಾಕಿದ, ಕೂಲೆಂಟಿಗೆ ನೀರು ಬೆರೆಸಿ ಗೆರೆಯ ಮಟ್ಟಕ್ಕೆ ತುಂಬಿಸಿದ. ಕೈ ಒರೆಸಿಕೊಂಡು ನೋಡಿದರೆ ನೆಲದ ಮೇಲೆ ಒಂದು ಬೋಲ್ಟು ಉಳಿದಿತ್ತು. ಅದು ಎಲ್ಲಿಯದೆಂದು ಇಂಜಿನ್ನಿನ ಸುತ್ತ ಎಷ್ಟು ಹುಡುಕಿದರೂ ಹೊಳೆಯಲಿಲ್ಲ.

"ಏಕಾಂತಯ್ಯನೋರೆ, ಅದಕ್ಕೆ ತಲೆ ಕೆಡಿಸ್ಕೋಬೇಡಿ" ಎಂದರು ಸದಾಶಿವಯ್ಯನವರು. "ರೈಲ್ ಇಂಜಿನ್ ಬಿಚ್ಚಿ ಹಾಕಿದ್ರೂ ಒಂದೆರಡು ಉಳಿಯುತ್ತೆ."

ಆ ಮಾತು ಕೇಳಿದಂದಿನಿಂದ ಶಿವನಂಜಮ್ಮ ಊರಿಗೆ ರೈಲು ಬಿಟ್ಟು ಬಸ್ಸಿನಲ್ಲೇ ಹೋಗುತ್ತಿದ್ದಾರೆಂದು ಬೀದಿಯವರು ಹೇಳುತ್ತಾರೆ.

ಸಂಜೆಗೆ ವಿಶ್ವನಾಥ್ ಹೆಬ್ಬಾಳದಿಂದ ಬಂದ, ಪಣಕ್ಕೆ ಸಾಕ್ಷಿ ಹೇಳಲು. ಅವನೂ ಪ್ರೇಮಲೀಲಾಳೂ ಮುಂದೆ ಕೂತರು. ನೆರೆಯವರಿಬ್ಬರೂ ತಾವೂ ಸಾಕ್ಷಿಗಳೇ ಎಂದು ಹಟ ಹಿಡಿದು, ಬಾಡಿಗೆ ಕುರ್ಚಿಗಳನ್ನು ಹಿಂದೆ ಇಡಿಸಿಕೊಂಡು, ದಿಬ್ಬಣದ ಹಿರಿಯರಂತೆ ಕೂತರು. ಹಿಂದೆ ಜನ ಕೂರಿಸಬಾರದೆಂದು ಏಕಾಂತಯ್ಯ ಹೇಳಿ ನೋಡಿದ. ಅವರು ಗಾಡಿಯ ಪಕ್ಕದ ಕಬ್ಬಿಣದ ಪಟ್ಟಿಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡರು.

ಗಾಡಿ ಬೆಟ್ಟದ ಬುಡ ಬಿಟ್ಟಿತು. ಏಕಾಂತಯ್ಯನ ಒಂದು ಕಣ್ಣು ರಸ್ತೆಯ ಮೇಲೆ, ಇನ್ನೊಂದು ಇಂಜಿನ್ ಬಿಸಿ ತೋರಿಸುವ ಮುಳ್ಳಿನ ಮೇಲೆ. ಮುಳ್ಳು ನಡುಮಟ್ಟಕ್ಕೆ ಬಂದು ನಿಂತಿತು. ಮೊದಲ ತಿರುವು ಬಂತು, ಎರಡನೆಯದು ಬಂತು. ಏಕಾಂತಯ್ಯ ಗೇರ್ ಬದಲಾಯಿಸಿದಾಗೆಲ್ಲ ಹಿಂದಿನ ಕುರ್ಚಿಗಳು ಒಂದಕ್ಕೊಂದು ತಗುಲಿ ಸದ್ದು ಮಾಡುತ್ತಿದ್ದವು. ಅರ್ಧ ದಾರಿಯಲ್ಲಿ ಹೊಳೆಯುವ ಹೊಸ ಕಾರೊಂದು ಬಾನೆಟ್ ತೆರೆದುಕೊಂಡು ಆವಿ ಬಿಡುತ್ತಾ ಪಕ್ಕಕ್ಕೆ ನಿಂತಿತ್ತು. ಏಕಾಂತಯ್ಯ ಅದರ ಪಕ್ಕದಲ್ಲೇ ಹಾರನ್ ಒತ್ತುತ್ತಾ ಹೋದ. ಮುಳ್ಳು ಅಲುಗಲಿಲ್ಲ.

ತುದಿ ಮುಟ್ಟಿ ಗಾಡಿ ನಿಲ್ಲಿಸಿದಾಗ ದೇವಸ್ಥಾನದ ಗೋಪುರ ಸಂಜೆಯ ಬಿಸಿಲಿನಲ್ಲಿ ಹೊಳೆಯುತ್ತಿತ್ತು. ಏಕಾಂತಯ್ಯ ಬಾನೆಟ್ ಎತ್ತಿ, ಒಂದು ಹೆಜ್ಜೆ ಹಿಂದೆ ಸರಿದು ಕೈ ಕಟ್ಟಿ ನಿಂತ. ಡಬ್ಬಿಯ ಹೊರಮೈ ಒಂದು ತೊಟ್ಟೂ ಇಲ್ಲದೆ ಒಣಗಿತ್ತು, ಒಳಗೆ ಹಸಿರು ನೀರು ಗೆರೆ ಬಿಟ್ಟು ಕದಲಿರಲಿಲ್ಲ. ವಿಶ್ವನಾಥ್ ಬಗ್ಗಿ, ಗಾಡಿಯ ಅಡಿಯಲ್ಲೂ ನೋಡಿ, ತಲೆದೂಗಿದ. ಶಿವನಂಜಮ್ಮ ಡಬ್ಬಿಗೆ ಕುಂಕುಮ ಇಟ್ಟರು. ಆ ಗಳಿಗೆಯಲ್ಲಿ ಏಕಾಂತಯ್ಯನಿಗೆ ಊರೆಲ್ಲ ಕೆಳಗೆ ತಾನೊಬ್ಬನೇ ಮೇಲೆ ಅನಿಸಿತು.

ಪ್ರೇಮಲೀಲಾ ಹತ್ತಿರ ಬಂದು ಎಲ್ಲವನ್ನೂ ಸಾವಧಾನವಾಗಿ ನೋಡಿದಳು.

"ನೀವು ಗೆದ್ರಿ ಕಣ್ರೀ. ಗಾಡಿ ಮಾರಲ್ಲ" ಎಂದು ಕೈ ಚಾಚಿದಳು. "ಕೀ ಕೊಡಿ."

ದೇವಿಯ ಪಾದಕ್ಕೆ ಮುಟ್ಟಿಸಿ ಪೂಜೆ ಮಾಡಿಸಲು ಇರಬೇಕೆಂದುಕೊಂಡು ಕೊಟ್ಟ. ಪ್ರೇಮಲೀಲಾ ಸುತ್ತಿ ಹೋಗಿ ಚಾಲಕನ ಬಾಗಿಲು ತೆರೆದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೀಟನ್ನು ಮುಂದಕ್ಕೆ ಎಳೆದು, ಕನ್ನಡಿಯನ್ನು ತನಗೆ ಬೇಕಾದಂತೆ ತಿರುಗಿಸಿಕೊಂಡಳು.

ಏಕಾಂತಯ್ಯ ಬಾಯಿ ತೆರೆದು ಭಾವಮೈದುನನ ಕಡೆ ನೋಡಿದ. ವಿಶ್ವನಾಥ್ ಬೇರೆ ಕಡೆ ನೋಡುತ್ತಾ ವಿಷಯ ಬಿಡಿಸಿ ಹೇಳಿದ. ಮಂಡಕಳ್ಳಿ ಮದುವೆ ಮೊದಲನೆಯದೇನೂ ಆಗಿರಲಿಲ್ಲ. ಹೊತ್ತು ಮೀರಿ ತಲುಪಿದ ಮದುವೆಗಳಿಂದ ಬೇಸತ್ತು ಅಕ್ಕ ತಿಂಗಳುಗಟ್ಟಲೆಯಿಂದ ಅವನ ಬಳಿ ಡ್ರೈವಿಂಗ್ ಕಲಿಯುತ್ತಿದ್ದಳು. ಲೈಸೆನ್ಸೂ ಬಂದಾಗಿತ್ತು. ಇದನ್ನು ಮಾರಿ, ಕುದಿಯದ ಗಾಡಿಯೊಂದನ್ನು ಕೊಂಡು ತಾನೇ ಓಡಿಸುವುದೆಂದು ಅವಳ ಯೋಚನೆ.

"ಅದೇ ಕಣ್ರೀ" ಎಂದಳು ಪ್ರೇಮಲೀಲಾ ಸ್ಟಿಯರಿಂಗ್ ಹಿಡಿದು. "ಈಗ ಇದೇ ಕುದಿಯೋದು ಬಿಡ್ತಲ್ಲ, ಬೇರೆ ಯಾಕೆ? ನಾನು ಹೊತ್ತಿಗೆ ಸರಿಯಾಗಿ ಪಾತ್ರೆ ಮುಟ್ಟಿಸ್ತೀನಿ. ನೀವು ರಿಪೇರಿ ನೋಡ್ಕೊಳ್ಳಿ. ಕೈ ಚೆನ್ನಾಗಿ ಕುದುರಿದೆ."

ಪಣದಲ್ಲಿ ಈ ಮಾತು ಇರಲಿಲ್ಲವೆಂದು ಏಕಾಂತಯ್ಯ ವಾದಕ್ಕೆ ನಿಂತ.

"ಗಾಡಿ ಮನೇಲಿರುತ್ತೆ ಅಂದ್ರಿ, ಇರುತ್ತೆ. ಓಡಿಸೋದು ಯಾರು ಅಂತ ನೀವೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ."

ಏಕಾಂತಯ್ಯ ಬಾನೆಟ್ ಮುಚ್ಚಿ ಬರುವಷ್ಟರಲ್ಲಿ ವಿಶ್ವನಾಥ್ ಅಕ್ಕನ ಪಕ್ಕ ಕೂತಿದ್ದ. ಉಳಿದ ಜಾಗದಲ್ಲಿ ಸದಾಶಿವಯ್ಯನವರು ಮಂಡಿ ನೋವೆಂದು ಹತ್ತಿ ಬಾಗಿಲು ಹಾಕಿಕೊಂಡಿದ್ದರು. ಏಕಾಂತಯ್ಯ ಹಿಂದಕ್ಕೆ ಹೋಗಿ, ಚಕ್ರದ ಮೇಲೆ ಕಾಲಿಟ್ಟು ಹತ್ತಿ, ಖಾಲಿಯಾಗಿದ್ದ ಬಾಡಿಗೆ ಕುರ್ಚಿಯಲ್ಲಿ ಕೂತ.

ಗಾಡಿ ಇಳಿಯತೊಡಗಿತು. ತಿರುವುಗಳಲ್ಲಿ ಕುರ್ಚಿಗಳು ಅಲುಗಲಿಲ್ಲ. ಸ್ವಲ್ಪ ದೂರ ಬಂದ ಮೇಲೆ ಪಕ್ಕದಲ್ಲಿದ್ದ ಶಿವನಂಜಮ್ಮ ಪಟ್ಟಿಯಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಹತ್ತೋವಾಗ ಹೊಟ್ಟೆ ತೊಳೆಸ್ಬುಡ್ತು ಕಣಪ್ಪ. ಈಗ ನೋಡು, ತೊಟ್ಲಲ್ಲಿ ಕೂತಂಗದೆ."

ಏಕಾಂತಯ್ಯ ಎದೆ ಸೆಟೆಸಿ, ಕೈ ಕಟ್ಟಿ, ಕೆಳಗೆ ಒಂದೊಂದಾಗಿ ಹತ್ತಿಕೊಳ್ಳುತ್ತಿದ್ದ ಊರಿನ ದೀಪಗಳನ್ನು ನೋಡಿದ.

"ಡಬ್ಬಿ ಗಟ್ಟಿಯಾಗಿ ಕೂತಿದೆಯಲ್ಲ ಶಿವನಂಜಮ್ನೋರೆ" ಎಂದ, "ಅದಕ್ಕೇ."